ಟೋಕಿಯೊದ ಚಿನ್ನವನ್ನು ಬಿಟ್ಟರೆ ಅಮಾಂಡೀನ್ ಲೇನೋ ಅವರ ಆಟದ ಬದುಕಿನಲ್ಲಿ ವಿಶೇಷವೇನಿದೆ?

ಫ್ರಾನ್ಸ್ ಮಹಿಳಾ ಹ್ಯಾಂಡ್‌ಬಾಲ್ ತಂಡದ ನಿವೃತ್ತ ಗೋಲ್‌ಕೀಪರ್ ಅಮಾಂಡೀನ್ ಲೇನೋ ಅವರ ಬಗ್ಗೆ ನೀವು ಕೇಳಿದ್ದೀರಿ. ಕಾಲೇಜಿನ ದಿನಗಳಲ್ಲಿ ಎರಡು ವರ್ಷ ಅದೇ ಜಾಗದಲ್ಲಿ ನಿಂತು ಚೆಂಡಿನ ಪೆಟ್ಟು ತಿಂದವನಾದ್ದರಿಂದ ನನ್ನ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಇದ್ದೀತು. ಚಿನ್ನಕ್ಕಿಂತಲೂ ಅದಕ್ಕೆ ಮೊದಲು ಕೂದಲೆಳೆಯಲ್ಲಿ ಕೈತಪ್ಪಿದ ಪಂದ್ಯಗಳೇ ಅವರ ಹಿರಿಮೆಯನ್ನು ಹೆಚ್ಚು ತಿಳಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

1986ರಲ್ಲಿ ಹುಟ್ಟಿದ ಲೇನೋ ಪಳಗಿದ್ದು ಫ್ರಾನ್ಸಿನ ಪೂರ್ವ ಭಾಗದಲ್ಲಿರುವ ಮೆಸ್ ನಗರದ ಕ್ಲಬ್ಬಿನಲ್ಲಿ. ರಾಷ್ಟ್ರೀಯ ತಂಡದ ಮಟ್ಟಿಗೆ ಆ ವರ್ಷಗಳು ಎರಡನೆಯ ಸ್ಥಾನದ ವರ್ಷಗಳಾಗಿದ್ದವು. ಫ್ರಾನ್ಸ್ 2009ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ ರಷ್ಯಾಕ್ಕೆ, 2011ರ ಫೈನಲ್ಲಿನಲ್ಲಿ ನಾರ್ವೆಗೆ ಸೋತಿತು. 2012ರ ಲಂಡನ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್ಲಿನಲ್ಲಿ ಮಾಂಟೆನೆಗ್ರೊ ಎದುರು 22-23ರಿಂದ ಹೊರಬಿದ್ದಿತು.

ಇಲ್ಲಿ ಗೋಲ್‌ಕೀಪರ್ ಕೆಲಸದ ಸ್ವರೂಪವನ್ನು ಹೇಳದೆ ಮುಂದೆ ಹೋಗಲಾರೆ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲಿನತ್ತ ಆರು ಮೀಟರ್ ಗೆರೆಯಿಂದ ಜಿಗಿದು ಎಸೆದ ಚೆಂಡನ್ನು ನೋಡಿ ತಡೆಯುವಷ್ಟು ಸಮಯ ಯಾರಿಗೂ ಸಿಗುವುದಿಲ್ಲ. ಎಸೆಯುವವಳ ಭುಜ ಮತ್ತು ಮಣಿಕಟ್ಟನ್ನು ಓದಿ, ಚೆಂಡು ಕೈಬಿಡುವ ಮೊದಲೇ ದೇಹವನ್ನು ಚಾಚಬೇಕಾಗುತ್ತದೆ. ಮೂರು ಎಸೆತಗಳಲ್ಲಿ ಒಂದನ್ನು ತಡೆದರೆ ಅದು ಒಳ್ಳೆಯ ದಿನ. ಹೀಗಾಗಿ ಈ ಸ್ಥಾನದಲ್ಲಿ ವಯಸ್ಸಾದಂತೆ ಕಾಲಿನ ಚುರುಕು ಕುಂದಿದರೂ ಎದುರಾಳಿಯ ಅಭ್ಯಾಸಗಳ ತಿಳಿವಳಿಕೆ ಅದನ್ನು ತುಂಬಿಕೊಡುತ್ತದೆ.

ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಕ್ಲಬ್ ಆಟದ್ದು. ಉತ್ತರ ಮ್ಯಾಸಿಡೋನಿಯಾದ ಸ್ಕೋಪ್ಯೆ ನಗರದ ವಾರ್ದಾರ್ ತಂಡದಲ್ಲಿ ಅವರಿದ್ದಾಗ, ಯುರೋಪಿನ ಕ್ಲಬ್ಬುಗಳ ಅತ್ಯುನ್ನತ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2017ರ ಫೈನಲ್ಲಿನಲ್ಲಿ ಹಂಗೇರಿಯ ಗ್ಯೋರ್ ತಂಡ 31-30ರಿಂದ, 2018ರಲ್ಲಿ ಅದೇ ತಂಡ 27-26ರಿಂದ ಗೆದ್ದಿತು. ಎರಡೂ ಹೆಚ್ಚುವರಿ ಸಮಯದಲ್ಲಿ. ಆ ಬೇಸಿಗೆಯಲ್ಲಿ ಲೇನೋ ಸೇರಿದ್ದು ಗ್ಯೋರ್ ತಂಡವನ್ನೇ! 2019ರ ಫೈನಲ್ಲಿನಲ್ಲಿ ರಷ್ಯಾದ ರಾಸ್ತೋವ್-ದಾನ್ ಕ್ಲಬ್ ವಿರುದ್ಧ 25-24ರಿಂದ ಗೆದ್ದು, ಅಂದರೆ ಮತ್ತೆ ಅದೇ ಒಂದು ಗೋಲಿನ ಅಂತರದಲ್ಲಿ, ಅವರಿಗೆ ಆ ಪ್ರಶಸ್ತಿ ದಕ್ಕಿತು. ಇದನ್ನು ಪಕ್ಷಾಂತರ ಎನ್ನುವವರು ಇದ್ದಾರು. ವೃತ್ತಿಪರರ ಲೆಕ್ಕಾಚಾರ ಎಂದು ನಾನು ಭಾವಿಸುತ್ತೇನೆ.

ರಾಷ್ಟ್ರೀಯ ತಂಡದ ದೆಸೆಯೂ ಇದೇ ಹೊತ್ತಿಗೆ ತಿರುಗಿತ್ತು. 2016ರ ಆರಂಭದಲ್ಲಿ ಮರಳಿ ಬಂದ ತರಬೇತುದಾರ ಒಲಿವಿಯೆ ಕ್ರುಂಬೋಲ್ಟ್ಸ್ ಅವರ ಕೈಕೆಳಗೆ ಫ್ರಾನ್ಸ್ ಅದೇ ವರ್ಷದ ರಿಯೊ ಒಲಿಂಪಿಕ್ಸ್ ಫೈನಲ್ಲಿನಲ್ಲಿ ರಷ್ಯಾಕ್ಕೆ 19-22ರಿಂದ ಸೋತರೂ, 2017ರಲ್ಲಿ ಹ್ಯಾಂಬರ್ಗ್‌ನಲ್ಲಿ ನಾರ್ವೆಯನ್ನು 23-21ರಿಂದ ಮಣಿಸಿ ವಿಶ್ವ ಚಾಂಪಿಯನ್ ಆಯಿತು. ಮರುವರ್ಷ ಪ್ಯಾರಿಸ್‌ನಲ್ಲಿ ರಷ್ಯಾವನ್ನು ಸೋಲಿಸಿ ಯುರೋಪಿಯನ್ ಪ್ರಶಸ್ತಿಯನ್ನೂ ಪಡೆಯಿತು.

ನೀವು ಹೇಳಿದ ಟೋಕಿಯೊ ಫೈನಲ್ ನಡೆದದ್ದು 2021ರ ಆಗಸ್ಟ್ 8ರಂದು. ರಷ್ಯಾದ ಒಲಿಂಪಿಕ್ ಸಮಿತಿಯ ಹೆಸರಿನಲ್ಲಿ ಆಡಿದ ಆ ಹಳೆಯ ಎದುರಾಳಿಗಳನ್ನೇ 30-25ರಿಂದ ಸೋಲಿಸಿ ಫ್ರಾನ್ಸಿನ ಮಹಿಳೆಯರು ತಮ್ಮ ಮೊದಲ ಒಲಿಂಪಿಕ್ ಚಿನ್ನ ಗೆದ್ದರು. ಆಗ 35 ವರ್ಷದವರಾಗಿದ್ದ ಲೇನೋ ಅದರೊಂದಿಗೆ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು.