ತೊಗರಿಯ ಲೆಕ್ಕ ಬರೆಯುವವಳಿಗೆ ಡೇಟಾ ಸೈನ್ಸ್: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಆಕೆಯನ್ನು ಮಹಾನಂದಾ ಎಂದು ಕರೆಯೋಣ. ವಯಸ್ಸು ಇಪ್ಪತ್ತಾರು. ಚಿತ್ತಾಪುರ ಕಡೆಯ ಹಳ್ಳಿಯವಳು. ಕನ್ನಡ ಮಾಧ್ಯಮದಲ್ಲಿ ಓದಿ, ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡು ಬಿ.ಎ. ಮುಗಿಸಿ, ಕಲಬುರಗಿಯ ದಾಲ್‌ಮಿಲ್ ಒಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಳೆ. ಸೆಪ್ಟೆಂಬರ್‌ನಲ್ಲಿ ತಂದೆಯ ಜೊತೆ ನನ್ನಲ್ಲಿಗೆ ಬಂದಳು.

ಬಂದದ್ದು ಅವಸರದಲ್ಲಿ. ಆನ್‌ಲೈನ್‌ನಲ್ಲಿ ಡೇಟಾ ಸೈನ್ಸ್ (ಗಣಿತ, ಕಂಪ್ಯೂಟರ್ ಬಳಸಿ ಅಂಕಿಅಂಶಗಳಿಂದ ಅರ್ಥ ಹೊರತೆಗೆಯುವ ವಿದ್ಯೆ) ಕಲಿಸುವ ಸಂಸ್ಥೆಯೊಂದು ಲಕ್ಷಕ್ಕೂ ಮೀರಿದ ಶುಲ್ಕ ಹೇಳಿತ್ತು. ಕೆಲಸ ಖಚಿತ, ಕಂತಿನ ಸಾಲಕ್ಕೆ ಬಡ್ಡಿಯಿಲ್ಲ, ಈ ವಾರದೊಳಗೆ ಮುಂಗಡ ಕಟ್ಟಿದರೆ ರಿಯಾಯಿತಿ ಎಂದು ದಿನಕ್ಕೆರಡು ಸಲ ಫೋನು ಬೇರೆ. ಒಕ್ಕಲುತನದ ತಂದೆಯದು ಇನ್ನೊಂದು ದಾರಿ. “ಮೇಡಂ, ನಮ್ಮ ಭಾಗಕ್ಕೆ 371 ಜೆ ಮೀಸಲಾತಿ ಇದೆ. ಎಫ್‌ಡಿಎ, ಪಿಡಿಒ ಪರೀಕ್ಷೆ ಬರೆಯಲಿ. ಆರ್ಟ್ಸ್ ಓದಿದವಳಿಗೆ ಈ ಉಸಾಬರಿ ಯಾಕೆ ಹೇಳಿ.”

ತಂದೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಸೇರಲೋ ಬೇಡವೋ ಎಂದು ಕೇಳುತ್ತಲೇ ಇದ್ದವಳು ಕೊನೆಗೆ ಒಳಗಿದ್ದದ್ದನ್ನು ಆಡಿದಳು. ಹತ್ತನೆಯ ತರಗತಿಯ ಗಣಿತದಲ್ಲಿ ಹೇಗೋ ಪಾಸಾಗಿದ್ದಳು; ಗಣಿತದ ಕಾಟ ತಪ್ಪಲಿ ಎಂದೇ ಆರ್ಟ್ಸ್ ಹಿಡಿದಿದ್ದಳು. “ಅಷ್ಟು ದುಡ್ಡು ಕಟ್ಟಿದರೆ ಓದದೆ ವಿಧಿಯಿಲ್ಲ ಅಲ್ಲವೇ ಮೇಡಂ?” ಎಂದಳು. ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ, ಸಾಲವನ್ನು ಬೆತ್ತದಂತೆ ಬಳಸಿಕೊಳ್ಳುವ ಯೋಚನೆ ಅದು. ಇಂಥ ಜಾಹೀರಾತುಗಳ ವ್ಯಾಪಾರ ನಡೆಯುವುದೇ ಈ ಅಂಜಿಕೆಯ ಮೇಲೆ ಎಂಬುದು ನನ್ನ ಅಭಿಪ್ರಾಯ.

ಗಣಿತದ ಮಾತು ಬಿಟ್ಟು, ಮಿಲ್ಲಿನಲ್ಲಿ ದಿನವಿಡೀ ಏನು ಮಾಡುತ್ತೀ ಎಂದು ಕೇಳಿದೆ. ಅಲ್ಲಿಂದ ಆಕೆಯ ಧ್ವನಿಯೇ ಬೇರೆಯಾಯಿತು. ಬಂದ ಪ್ರತಿ ಲೋಡಿನ ತೂಕ, ತೇವಾಂಶ, ಕೊಟ್ಟ ದರ, ಕೊನೆಗೆ ಇಳಿದ ಬೇಳೆ, ನುಚ್ಚು, ಹೊಟ್ಟು ಎಲ್ಲವನ್ನೂ ಎಕ್ಸೆಲ್‌ನಲ್ಲಿ ತುಂಬುತ್ತಾಳೆ. ಒಬ್ಬ ವರ್ತಕನ ಮಾಲಿನಿಂದ ಬೇಳೆ ಸದಾ ಕಡಿಮೆ ಬೀಳುತ್ತಿದೆ ಎಂದು ಆಕೆಗೆ ಅನುಮಾನ ಬಂತು. ಮಾಲೀಕರು ನಂಬಲಿಲ್ಲ. ಆಗ ಎರಡು ಹಂಗಾಮಿನ ಲೆಕ್ಕವನ್ನು ವರ್ತಕರವಾರು ಬೇರ್ಪಡಿಸಿ, ತೇವಾಂಶ ಹೆಚ್ಚಿದ್ದ ಲೋಡುಗಳನ್ನು ಪಕ್ಕಕ್ಕಿಟ್ಟು ಮತ್ತೆ ನೋಡಿದಳು. ವ್ಯತ್ಯಾಸ ಬಹುಪಾಲು ಕರಗಿಹೋಯಿತು. ವರ್ತಕನದು ಮೋಸವಲ್ಲ, ಹಸಿ ಮಾಲು. ತನ್ನ ಅನುಮಾನ ತಪ್ಪು ಎಂದು ತಾನೇ ಲೆಕ್ಕದಿಂದ ತೋರಿಸಿಕೊಂಡವಳು “ನನಗೆ ಗಣಿತ ಬರುವುದಿಲ್ಲ” ಎನ್ನುತ್ತಿದ್ದಾಳೆ!

ಇನ್ನೂ ಒಂದು ಸಂಗತಿ ಹೊರಬಂತು. ಹಳೆಯ ಕಡತಗಳಲ್ಲಿ ‘ಗುಲ್ಬರ್ಗ’ ಎಂದಿದೆ, 2014ರಲ್ಲಿ ಹೆಸರು ಬದಲಾದ ಮೇಲಿನವುಗಳಲ್ಲಿ ‘ಕಲಬುರಗಿ’. ಕಂಪ್ಯೂಟರ್ ಇವನ್ನು ಎರಡು ಊರುಗಳೆಂದು ಲೆಕ್ಕ ಹಿಡಿಯುತ್ತದೆ. ಆಕೆ ಮೊದಲು ಅದನ್ನು ಸರಿಪಡಿಸಿಕೊಳ್ಳುತ್ತಾಳೆ. 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾದದ್ದು ಗೊತ್ತಿಲ್ಲದವರು ಗುಲ್ಬರ್ಗ ಜಿಲ್ಲೆಯ ಅಂಕಿಅಂಶ ನೋಡಿದರೆ ಬಿತ್ತನೆಯ ಪ್ರದೇಶ ಒಮ್ಮೆಲೇ ಕುಸಿದದ್ದಕ್ಕೆ ಬರಗಾಲವೇ ಕಾರಣ ಎಂದುಕೊಂಡಾರು. ಈ ಭಾಗದವರಿಗೆ ಆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ನಾನು ಹೇಳಿದ್ದು ಇಷ್ಟು.

ಸಾಲದ ಅರ್ಜಿಗೆ ಸಹಿ ಬೇಡ. ಸಾಲ ಕೊಡುವುದು ಕಲಿಸುವ ಸಂಸ್ಥೆಯಲ್ಲ, ಬೇರೊಂದು ಫೈನಾನ್ಸ್ ಕಂಪನಿ. ಓದು ಅರ್ಧಕ್ಕೆ ನಿಂತರೂ, ಕೆಲಸ ಸಿಗದಿದ್ದರೂ ಕಂತು ಮಾತ್ರ ನಿಲ್ಲುವುದಿಲ್ಲ. ‘ಕೆಲಸ ಖಚಿತ’ ಎಂಬುದರ ಷರತ್ತುಗಳನ್ನು ಬರಹದಲ್ಲಿ ಕೇಳು, ಯಾವ ಸಂಬಳ, ಯಾವ ಊರು, ಎಷ್ಟು ತಿಂಗಳೊಳಗೆ ಎಂದು. (ಕೇಳಿದಳು. ಆ ವಾರದ ನಂತರ ಫೋನು ಬರಲಿಲ್ಲ.)

ಗಣಿತವನ್ನು ಬಿಟ್ಟ ಕಡೆಯಿಂದಲೇ ಹಿಡಿ. ಹತ್ತನೆಯ ತರಗತಿಯ ಪುಸ್ತಕ ಕನ್ನಡದಲ್ಲೇ ಇದೆ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ, ಸಂಖ್ಯಾಶಾಸ್ತ್ರ, ಸಂಭವನೀಯತೆ, ಈ ಅಧ್ಯಾಯಗಳು ಮೊದಲು. ತೇವಾಂಶ ಹೆಚ್ಚಿದಂತೆ ಬೇಳೆ ಎಷ್ಟು ಕಡಿಮೆಯಾಗುತ್ತದೆ ಎಂದು ಎಳೆಯುವ ಗೆರೆಯೂ ಅದೇ ರೇಖಾತ್ಮಕ ಸಮೀಕರಣ. ಮ್ಯಾಟ್ರಿಕ್ಸ್, ಕಲನಶಾಸ್ತ್ರ ಮುಂದೆ ಬೇಕಾಗುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇವತ್ತೇ ಬೇಕಿಲ್ಲ.

ಈ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಪೈಥಾನ್ ಕಲಿಯಲು ದುಡ್ಡು ಬೇಡ. ಪೈಥಾನ್ ಬರೆದು ನೋಡುವ ಗೂಗಲ್ ಕೊಲ್ಯಾಬ್ ಬ್ರೌಸರ್‌ನಲ್ಲೇ ಉಚಿತವಾಗಿ ನಡೆಯುತ್ತದೆ, ಹಳೆಯ ಲ್ಯಾಪ್‌ಟಾಪ್ ಸಾಕು. ಅಭ್ಯಾಸಕ್ಕೆ ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ತಾಣದಲ್ಲಿ ಎಪಿಎಂಸಿಗಳ ಆವಕ, ಕನಿಷ್ಠ, ಗರಿಷ್ಠ ಹಾಗೂ ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ದರಗಳಿವೆ. ತೊಗರಿಯನ್ನೇ ತೆಗೆದುಕೋ. ಮಿಲ್ಲಿನ ಲೆಕ್ಕವನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಹೊರಗೆ ಒಯ್ಯಬೇಡ. ಇಂಗ್ಲಿಷ್‌ಗೆ ಅಂಜುವವರಿಗೆ ನಾನು ಹೇಳುವ ಒಂದು ಉಪಾಯವಿದೆ. ಪೈಥಾನ್ ತಪ್ಪು ತೋರಿಸಿದಾಗ ಉದ್ದಕ್ಕೂ ಓದುತ್ತಾ ಕಂಗೆಡುವ ಬದಲು ಕಟ್ಟಕಡೆಯ ಸಾಲನ್ನು ಮೊದಲು ಓದಬೇಕು. ಎಂಥ ತಪ್ಪು ಎಂಬುದು ಅಲ್ಲಿರುತ್ತದೆ.

ಪದವಿಯೇ ಬೇಕೆಂದರೆ? ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಓದಿರಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ, ಆ ಬಾಗಿಲು ಆಕೆಗೆ ಮುಚ್ಚಿದೆ. ಐಐಟಿ ಮದ್ರಾಸ್‌ನ ಆನ್‌ಲೈನ್ ಡೇಟಾ ಸೈನ್ಸ್ ಬಿ.ಎಸ್. ಪದವಿಗೆ ಜೆಇಇ ಬೇಕಿಲ್ಲ, ಪಿಯುಸಿಯಲ್ಲಿ ವಿಜ್ಞಾನವೂ ಬೇಕಿಲ್ಲ; ಹತ್ತನೆಯಲ್ಲಿ ಗಣಿತ, ಇಂಗ್ಲಿಷ್ ಓದಿ, ಹನ್ನೆರಡನೆಯದು ಪಾಸಾಗಿದ್ದರೆ ಸಾಕು. ಮೊದಲು ನಾಲ್ಕು ವಾರ ಪಾಠ ಕೇಳಿ, ಅಭ್ಯಾಸ ಮಾಡಿ, ಅರ್ಹತಾ ಪರೀಕ್ಷೆ ಬರೆಯಬೇಕು. ಬುನಾದಿ ಹಂತದಲ್ಲಿ ಎಂಟು ವಿಷಯಗಳಿವೆ, ಇಂಗ್ಲಿಷ್ ಕೂಡ ಅವುಗಳಲ್ಲಿ ಸೇರಿದೆ. ಮಧ್ಯದಲ್ಲಿ ಡಿಪ್ಲೊಮಾ ಪಡೆದು ಹೊರಬರಬಹುದು. ವರ್ಗ, ಆದಾಯ ನೋಡಿ ಶುಲ್ಕ ರಿಯಾಯಿತಿಯೂ ಇದೆ. ಪಾಠ ಆನ್‌ಲೈನ್ ಆದರೂ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು, ಸುಲಭವಂತೂ ಅಲ್ಲ.

ತಂದೆಯ ಮಾತನ್ನು ನಾನು ತಳ್ಳಿಹಾಕಲಿಲ್ಲ. ಸಂವಿಧಾನದ 371 (ಜೆ) ವಿಧಿಯಿಂದ ಈ ಭಾಗದ ಎಷ್ಟೋ ಮನೆಗಳಲ್ಲಿ ಮೊದಲ ಸರ್ಕಾರಿ ನೌಕರರು ಆಗಿದ್ದಾರೆ. ಆದರೆ ಕೆಲಸ ಮಾಡುತ್ತಾ ಎರಡೂ ತಯಾರಿ ಒಟ್ಟಿಗೆ ಸಾಗುವುದಿಲ್ಲ ಎಂದು ಇಬ್ಬರ ಮುಂದೆಯೂ ಹೇಳಿದೆ. “ಹೊಸ ತೊಗರಿ ರಾಶಿಯಾಗಿ ಅಡತಿಗೆ ಬರುವವರೆಗೆ ಸಮಯ ಕೊಡಿ. ಅಷ್ಟರಲ್ಲಿ ಈ ಅಧ್ಯಾಯಗಳು ಮುಗಿಯದಿದ್ದರೆ ನಿಮ್ಮ ಮಾತೇ ನಡೆಯಲಿ” ಎಂದೆ. ಗಡುವನ್ನು ಸುಗ್ಗಿಯ ಲೆಕ್ಕದಲ್ಲಿ ಹೇಳಿದ್ದಕ್ಕೋ ಏನೋ, ಅವರು ಒಪ್ಪಿದರು.

ಜನವರಿಯಲ್ಲಿ ಮಹಾನಂದಾ ಒಬ್ಬಳೇ ಬಂದಳು. ಸಂಖ್ಯಾಶಾಸ್ತ್ರ, ಸಮೀಕರಣ ಮುಗಿದಿದ್ದವು; ಸಂಭವನೀಯತೆ ಅರ್ಧಕ್ಕೆ ನಿಂತಿತ್ತು. ಕಾರಣ ಗಣಿತವಲ್ಲ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್, ಅದು ತಮ್ಮನ ಕೈಯಲ್ಲಿ. ಆಕೆಗೆ ಸಿಗುವುದು ರಾತ್ರಿ ಹತ್ತರ ಮೇಲೆ, ರೊಟ್ಟಿ, ಪಾತ್ರೆ ಎಲ್ಲ ಮುಗಿದ ನಂತರ. ಇದನ್ನು ಮೊದಲ ದಿನ ಯಾರೂ ಹೇಳಿರಲಿಲ್ಲ.

ಅರ್ಹತಾ ಪರೀಕ್ಷೆಗೆ ಅರ್ಜಿ ಹಾಕುವ ಮೊದಲು ಮಿಲ್ಲಿನ ಸಂಬಳದಲ್ಲೇ ಕಂತಿಲ್ಲದೆ ಸಿಗುವ ಹಳೆಯ ಲ್ಯಾಪ್‌ಟಾಪ್ ಒಂದನ್ನು ತನ್ನದೇ ಹೆಸರಿನಲ್ಲಿ ಕೊಳ್ಳಲು ಹೇಳಿದ್ದೇನೆ. ಮುಂದಿನ ಭೇಟಿಗೆ ತಾಯಿಯನ್ನೂ ತಮ್ಮನನ್ನೂ ಕರೆದುಕೊಂಡು ಬರಬೇಕು. ಸಂಜೆಯ ಎರಡು ಗಂಟೆ ಮನೆಗೆಲಸ ಯಾರು ಮಾಡುವುದೆಂದು ಅವರ ಜೊತೆ ಮಾತನಾಡುವುದಿದೆ.