ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಸೇರುತ್ತಿದ್ದೇನೆ. ಅಲ್ಲಿ ಸಂಶೋಧನೆಗೆ ಅವಕಾಶ ಇದೆಯಾ?

ಮೈಸೂರು ವಿ.ವಿ.ಯಲ್ಲಿ ಸೀಟು ಸಿಕ್ಕಿದೆ, ಆದರೆ ಸಂಶೋಧನೆ ಅಂತ ನಡೆಯೋದು ಐಐಎಸ್‌ಸಿಯಂಥ ಕಡೆ ಮಾತ್ರ ಅನ್ನುತ್ತಾರೆ, ಮೊದಲ ವರ್ಷ ಬರೀ ಪಾಠ-ಪರೀಕ್ಷೆಯಲ್ಲೇ ಮುಗಿದುಹೋಗುತ್ತಾ ಅಂತ ಕೇಳಿದ್ದೀರಿ. ನಾನು ಅದೇ ವಿಭಾಗದಲ್ಲಿ ಓದಿದವನು. ಅವಕಾಶ ಖಂಡಿತ ಇದೆ. ಆದರೆ ಅದು ಟೈಮ್‌ಟೇಬಲ್‌ನಲ್ಲಿ ಇರುವುದಿಲ್ಲ, ನೀವೇ ಹುಡುಕಿಕೊಂಡು ಹೋಗಬೇಕು.

ನೀವು ಕಾಲಿಡುತ್ತಿರುವ ವಿಭಾಗ ಎಂಥದ್ದು ಅನ್ನೋದು ಮೊದಲು ತಿಳಿದಿರಲಿ. 1961ರಲ್ಲಿ ಇದರ ಮುಖ್ಯಸ್ಥರಾಗಿ ಬಂದವರು ಎಸ್. ಚಂದ್ರಶೇಖರ್, ಸಿ.ವಿ. ರಾಮನ್ ಅವರ ಸೋದರಳಿಯ. (ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ.) ದ್ರವಸ್ಫಟಿಕಗಳ, ಅಂದರೆ ದ್ರವದಂತೆ ಹರಿದರೂ ಅಣುಗಳು ದಿಕ್ಕಿನ ಶಿಸ್ತು ಉಳಿಸಿಕೊಳ್ಳುವ ವಸ್ತುಗಳ, ಕೆಲಸವನ್ನು ಅವರು ಕೈಗೆತ್ತಿಕೊಂಡದ್ದು ಇಲ್ಲಿ. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ದ್ರವಸ್ಫಟಿಕ ಅಂದರೆ ಕಡ್ಡಿಯಾಕಾರದ ಅಣುಗಳು ಅಂತಲೇ ಎಲ್ಲರೂ ನಂಬಿದ್ದ ಕಾಲ ಅದು. 1977ರಲ್ಲಿ ಅವರು ಸಹೋದ್ಯೋಗಿಗಳಾದ ಸದಾಶಿವ ಮತ್ತು ಸುರೇಶ್ ಜೊತೆ ಸೇರಿ, ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಕೂತು ದ್ರವಸ್ಫಟಿಕ ಆಗುತ್ತವೆ ಎಂದು ತೋರಿಸಿದರು. ಎಲ್‌ಸಿಡಿ ಪರದೆಯನ್ನು ಬದಿಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ತೆಳು ಹಾಳೆಗಳಲ್ಲಿ ಮುಂದೆ ಇಂಥ ಅಣುಗಳೇ ಬಳಕೆಯಾದವು. ಜಗತ್ತು ಬಳಸಿದ ಒಂದು ವಿಚಾರದ ಹಿಂದಿನ ದಾರಿ ಮೈಸೂರಿನ ಮೂಲಕ ಹಾದುಹೋಗಿದೆ. ನನಗೆ ಇದು ಇವತ್ತಿಗೂ ಹೆಮ್ಮೆ.

ಅವಕಾಶ ಸಿಕ್ಕರೆ ಒಮ್ಮೆ ದ್ರವಸ್ಫಟಿಕದ ಸ್ಯಾಂಪಲನ್ನು ಪೋಲರೈಸಿಂಗ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಹಾಟ್ ಸ್ಟೇಜ್ ಮೇಲೆ ನಿಧಾನವಾಗಿ ಬಿಸಿ ಮಾಡುತ್ತಾ ಹೋದರೆ ಬಣ್ಣಬಣ್ಣದ ವಿನ್ಯಾಸ ಒಂದು ಉಷ್ಣಾಂಶದಲ್ಲಿ ಥಟ್ಟನೆ ಅಳಿದು ಎಲ್ಲ ಕಪ್ಪಾಗುತ್ತದೆ. ಅಣುಗಳ ದಿಕ್ಕಿನ ಶಿಸ್ತು ಮುರಿದು ಅದು ಮಾಮೂಲಿ ದ್ರವವಾದ ಕ್ಷಣ ಅದು. ಪ್ರಾವಸ್ಥಾ ಬದಲಾವಣೆಯ ಪಾಠವನ್ನು ಎಷ್ಟು ಸಲ ಓದಿದರೂ ಬಾರದ ತಿಳಿವಳಿಕೆ ಆ ಒಂದು ನೋಟದಲ್ಲಿ ಬರುತ್ತದೆ.

ಎಕ್ಸ್-ರೇ ಸ್ಫಟಿಕ ವಿಜ್ಞಾನಕ್ಕೂ (ಎಕ್ಸ್-ರೇ ಹಾಯಿಸಿ ಸ್ಫಟಿಕದೊಳಗಿನ ಜೋಡಣೆ ತಿಳಿಯುವುದು) ಇಲ್ಲಿ ಹಳೆಯ ಪರಂಪರೆ ಇದೆ. ಪರಿಸರ ವಿಕಿರಣದ ಕೆಲಸವಂತೂ ನಮ್ಮ ಮನೆಗಳಿಗೇ ಸಂಬಂಧಪಟ್ಟದ್ದು. ಗ್ರಾನೈಟ್ ಬಂಡೆಯಲ್ಲಿರುವ ಯುರೇನಿಯಂನಿಂದ ಹುಟ್ಟುವ ರೇಡಾನ್ ಅನಿಲ ಮನೆಯೊಳಗೆ ಎಷ್ಟಿದೆ ಎಂದು ಮೈಸೂರು ಸುತ್ತಮುತ್ತ ಅಳೆದಿದ್ದಾರೆ. ಪ್ಲಾಸ್ಟಿಕ್ ಫಿಲ್ಮ್ ತುಂಡನ್ನು ತಿಂಗಳುಗಟ್ಟಲೆ ಕೋಣೆಯಲ್ಲಿ ನೇತುಹಾಕಿ, ಆಮೇಲೆ ರಾಸಾಯನಿಕದಲ್ಲಿ ಅದ್ದಿ, ರೇಡಾನ್‌ನಿಂದ ಹೊಮ್ಮುವ ಆಲ್ಫಾ ಕಣಗಳು ಕೊರೆದ ಗುರುತುಗಳನ್ನು ಎಣಿಸುವುದು ಇದರ ಒಂದು ವಿಧಾನ. ದುಬಾರಿ ಯಂತ್ರಕ್ಕಿಂತ ತಾಳ್ಮೆ ಮುಖ್ಯವಾದ ಕೆಲಸ.

ಮೊದಲ ಸೆಮಿಸ್ಟರ್ ಭಾರ ಅನಿಸುವುದು ನಿಜ. ಕ್ಲಾಸಿಕಲ್ ಮೆಕ್ಯಾನಿಕ್ಸ್, ಗಣಿತದ ವಿಧಾನಗಳು ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತವೆ. ಓದಿ, ಆದರೆ ಪ್ರಾಕ್ಟಿಕಲ್ಸ್ ಅನ್ನು ಮಾತ್ರ ಅಂಕಕ್ಕಾಗಿ ಮಾಡಬೇಡಿ. ವಿಕಿರಣಶೀಲ ಸೀಸಿಯಂ-137ರ ಗಾಮಾ ಕಿರಣದ ಶಿಖರ ಗ್ರಾಫಿನಲ್ಲಿ 662 ಕೆಇವಿಯಲ್ಲಿ (ಕೆಇವಿ ಅಂದರೆ ಶಕ್ತಿಯ ಒಂದು ಅಳತೆ) ಬರಬೇಕು ಅನ್ನುವುದು ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು. ಅದು ಸಣ್ಣ ಗೆರೆಯಾಗಿ ಬಾರದೆ ಅಗಲವಾಗಿ ಯಾಕೆ ಬರುತ್ತದೆ, ಅದರ ಎಡಗಡೆ ಹರಡಿಕೊಂಡಿರುವುದು ಏನು ಅಂತ ಕೇಳುವವರು ಕಮ್ಮಿ. ಕೇಳಿದವರನ್ನು ಮೇಷ್ಟ್ರು ಮರೆಯುವುದಿಲ್ಲ.

ಪಿಎಚ್.ಡಿ. ಮನಸ್ಸಿದ್ದರೆ ನೆಟ್, ಗೇಟ್, ಜೆಸ್ಟ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆಗಳನ್ನು ಬರೆಯುವುದು ಒಳ್ಳೆಯದು. ಅದರ ತಯಾರಿ ಎರಡನೇ ವರ್ಷಕ್ಕೆ ಇರಲಿ. ಅದಕ್ಕಿಂತ ಮೊದಲು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ಆಯ್ಕೆಯಾದರೆ ಎರಡು ತಿಂಗಳು ದೊಡ್ಡ ಸಂಸ್ಥೆಯೊಂದರ ಲ್ಯಾಬಿನಲ್ಲಿ ಕೆಲಸ. ಅದಕ್ಕೆ ಅಧ್ಯಾಪಕರ ಶಿಫಾರಸು ಬೇಕು, ನಿಮ್ಮ ಮುಖ ಪರಿಚಯವೇ ಇಲ್ಲದವರು ಚೆನ್ನಾಗಿ ಬರೆದುಕೊಡಲಾರರು. ಹಾಗಾಗಿ ದಸರಾ ರಜೆಗೆ ಮುಂಚೆಯೇ ಪಿಎಚ್.ಡಿ. ವಿದ್ಯಾರ್ಥಿಗಳ ಪರಿಚಯ ಮಾಡಿಕೊಂಡು, ಒಂದು ಲ್ಯಾಬಿಗೆ ಹೋಗಿ, ಸ್ಯಾಂಪಲ್ ತಯಾರಿಸುವುದನ್ನು ನೋಡುತ್ತಾ ಕೂರಬಹುದಾ ಅಂತ ಕೇಳಿ.