ಡ್ರಾಕುಲಾ ಕಿರುಚಿದರೆ ಓವರ್ ಆಕ್ಟಿಂಗಾ?

‘ವ್ಯಾನ್ ಹೆಲ್ಸಿಂಗ್’ ಬಂದು 20 ವರ್ಷ ದಾಟಿತು. ಆದರೂ ಸ್ಟೀಫನ್ ಸಾಮರ್ಸ್ ಅವರ ಈ 2004ರ ಚಿತ್ರ ಟಿವಿಯಲ್ಲಿ ಬಂದಾಗಲೆಲ್ಲ ಮರುದಿನ ನನಗೆ ಪ್ರಶ್ನೆಗಳು ಶುರು. ನಟನೆ ಕಲಿಸುವವಳು ತಾನೇ, ಎಲ್ಲರೂ ನನ್ನನ್ನೇ ಹಿಡಿದುಕೊಳ್ಳುತ್ತಾರೆ. ಡ್ರಾಕುಲಾ ಅಂದರೆ ಸತ್ತ ಮೇಲೂ ರಕ್ತ ಹೀರುತ್ತಾ ತಿರುಗುವ ಪಿಶಾಚಿ, ಫ್ರಾಂಕೆನ್‌ಸ್ಟೈನ್ ಅಂದರೆ ಮನುಷ್ಯನಂಥ ಪ್ರಾಣಿಯೊಂದನ್ನು ಹುಟ್ಟಿಸಿದ ವಿಜ್ಞಾನಿ, ವ್ಯಾನ್ ಹೆಲ್ಸಿಂಗ್ ಅಂದರೆ ಇಂಥವರ ಬೇಟೆಗಾರ. ಇದಕ್ಕಿಂತ ಹೆಚ್ಚು ವಿವರಿಸುತ್ತಾ ಕೂರಲಾರೆ. ಒಂದು ಪ್ರಶ್ನೆಯನ್ನಂತೂ ಇವತ್ತೇ ಮುಗಿಸಿಬಿಡುತ್ತೇನೆ, ಉಳಿದವಕ್ಕೆ ಕೊನೆಯಲ್ಲಿ ಚುಟುಕು ಉತ್ತರ.

ಡ್ರಾಕುಲಾ ಮಾಡಿದ ರಿಚರ್ಡ್ ರಾಕ್ಸ್‌ಬರ್ಗ್ ಯಾಕೆ ಅಷ್ಟು ಕಿರುಚಾಡುತ್ತಾರೆ? ಬರೀ ಓವರ್ ಆಕ್ಟಿಂಗ್ ಅಲ್ವಾ ಮೇಡಂ? ವ್ಯಾನ್ ಹೆಲ್ಸಿಂಗ್ ಆದ ಹ್ಯೂ ಜಾಕ್‌ಮನ್ ನೋಡಿ, ಎಷ್ಟು ಸಹಜ!

ಜೋರಾಗಿ ಮಾತಾಡಿದರೆ ಓವರ್, ಗೊಣಗಿದರೆ ಸಹಜ. ಈ ಲೆಕ್ಕ ನಿಮಗೆ ಯಾರು ಹೇಳಿಕೊಟ್ಟರು? ಕಾರಣ ಇಲ್ಲದೆ ಮಾಡಿದ್ದು ಓವರ್. ಪಿಸುಗುಟ್ಟುತ್ತಲೇ ಓವರ್ ಆಕ್ಟಿಂಗ್ ಮಾಡುವವರನ್ನು ನಾನು ತರಗತಿಯಲ್ಲಿ ದಿನಾ ನೋಡುತ್ತೇನೆ.

ಒಂದೇ ದೃಶ್ಯ ತೆಗೆದುಕೊಳ್ಳಿ. ಡ್ರಾಕುಲಾನ ಮೂವರು ಹೆಂಡತಿಯರಲ್ಲಿ ಮರಿಷ್ಕಾ ಸತ್ತಿದ್ದಾಳೆ. ಉಳಿದ ಇಬ್ಬರು ಗೋಳಾಡುತ್ತಿದ್ದಾರೆ. ತನಗೆ ಪ್ರೀತಿ ಇಲ್ಲ, ಭಯ ಇಲ್ಲ, ಖುಷಿ ಇಲ್ಲ, ದುಃಖ ಇಲ್ಲ, ಒಳಗೆಲ್ಲ ಟೊಳ್ಳು ಅಂತ ಇವನು ಅಬ್ಬರಿಸುತ್ತಾನೆ. ಅದೂ ತಲೆಕೆಳಗಾಗಿ, ಚಾವಣಿಯಲ್ಲಿ ನಡೆಯುತ್ತಾ. ಏನೂ ಅನಿಸುವುದಿಲ್ಲ ಎನ್ನುವವನು ಅಷ್ಟು ಜೋರಾಗಿ ಯಾಕೆ ಹೇಳಬೇಕು? ಡ್ರಾಕುಲಾ ಸತ್ತು 400 ವರ್ಷ ದಾಟಿದೆ, ದುಃಖ ಹೇಗಿರುತ್ತದೆ ಅನ್ನುವುದೇ ಅವನಿಗೆ ಮರೆತಿದೆ. ಹೆಂಡತಿಯರ ಮುಂದೆ ದುಃಖದ ನಾಟಕ ಆಡುತ್ತಿದ್ದಾನೆ. ಅಷ್ಟೆಲ್ಲ ಕೂಗಾಡಿದವನು ಮರುಕ್ಷಣ ದನಿ ಇಳಿಸಿ, ಊರಿಗೆ ಬಂದಿರುವ ಹೊಸಬ ಯಾರು ಅಂತ ವಿಚಾರಿಸಲು ಹೊರಡುತ್ತಾನೆ. ಸ್ವಿಚ್ ಆಫ್ ಮಾಡಿದ ಹಾಗೆ. ಕಿರುಚಿದ್ದು ಕೇಳಿಸಿತು, ಈ ಸ್ವಿಚ್ ಮಾತ್ರ ನಿಮಗೆ ಕಾಣಲಿಲ್ಲ.

ಬುಡಾಪೆಸ್ಟ್‌ನ ಮುಖವಾಡದ ಕೂಟದ ದೃಶ್ಯವನ್ನೂ ಇನ್ನೊಮ್ಮೆ ನೋಡಿ. ನಾಯಕಿ ಅನ್ನಾ ಜೊತೆ ಕುಣಿಯುವಾಗ ಅದೇ ಮನುಷ್ಯನ ಗಂಟಲು ಎಷ್ಟು ತಗ್ಗಿದೆ! ಕನ್ನಡಿಯಲ್ಲಿ ಅನ್ನಾ ಒಬ್ಬಳೇ ಕುಣಿಯುತ್ತಿರುತ್ತಾಳೆ. ಪಿಶಾಚಿಗೆ ಪ್ರತಿಬಿಂಬ ಇರುವುದಿಲ್ಲವಲ್ಲ, ಇವನು ಹೊರಗೆ ಎಷ್ಟು ಮೆರೆದರೂ ಅಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಕಷ್ಟ ಯೋಚಿಸಿ. ಬೆಲಾ ಲುಗೋಸಿ 1927ರಲ್ಲಿ ಬ್ರಾಡ್‌ವೇ ನಾಟಕದಲ್ಲಿ, ಆಮೇಲೆ 1931ರ ಸಿನಿಮಾದಲ್ಲಿ ಡ್ರಾಕುಲಾ ಆದರು. ಆ ನಿಧಾನದ, ಎಳೆದೆಳೆದು ಆಡುವ ಮಾತನ್ನು 70 ವರ್ಷ ಕಂಡಕಂಡವರೆಲ್ಲ ನಕಲು ಮಾಡಿದರು. ರಾಕ್ಸ್‌ಬರ್ಗ್ ಆ ದಾರಿ ಬಿಟ್ಟರು. ಎತ್ತಿ ಕಟ್ಟಿದ ಕೂದಲು, ಕಿವಿಗೆ ಓಲೆ, ಕುಣಿಯುವವನ ಹಗುರ ಹೆಜ್ಜೆ. ಡ್ರಾಕುಲಾ ರೆಕ್ಕೆಯ ಮೃಗವಾಗಿ ಬದಲಾದ ಮೇಲೆ ಪರದೆ ಪೂರ್ತಿ ಕಂಪ್ಯೂಟರ್ ಪಾಲು. ಆ ಮೃಗದ ಎದುರು ತೂಗಬೇಕಾದರೆ ಮನುಷ್ಯ ರೂಪದಲ್ಲಿ ಸಿಕ್ಕ ನಿಮಿಷಗಳನ್ನು ದೊಡ್ಡದಾಗಿಯೇ ಆಡಬೇಕು. ಸಿನಿಮಾ ಶುರುವಾಗುವುದೇ ಕಪ್ಪು-ಬಿಳುಪಿನಲ್ಲಿ, 1931ರ ‘ಫ್ರಾಂಕೆನ್‌ಸ್ಟೈನ್’ಗೆ ಕೈ ಮುಗಿದು. ಇಲ್ಲಿ ಮಾತು ದೊಡ್ಡದು, ನೆರಳು ದೊಡ್ಡದು ಅಂತ ನಿರ್ದೇಶಕರು ಮೊದಲೇ ಹೇಳಿಬಿಟ್ಟಿದ್ದಾರೆ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿಕೊಂಡು ಬಂದಾಗ ‘ಸ್ವಲ್ಪ ಸಹಜವಾಗಿ ಬರಬಾರದಿತ್ತಾ’ ಅಂತ ಯಾರಾದರೂ ಕೇಳುತ್ತಾರಾ?

ಕೊನೆಯ ಹೊಡೆದಾಟದ ಹೊತ್ತಿಗೆ ಅವರ ಮಾತು ಜಾಸ್ತಿಯಾಯಿತು, ಒಪ್ಪುತ್ತೇನೆ. ‘ರ’ಕಾರ ಉರುಳಿಸುವುದೂ ಅಲ್ಲಲ್ಲಿ ತಮಾಷೆಯಾಗಿ ಕೇಳುತ್ತದೆ.

ಇನ್ನು ಜಾಕ್‌ಮನ್ ಸಹಜ ಅನ್ನುವ ಮಾತು. ಹಳೆಯ ನೆನಪೇ ಇಲ್ಲದ ನಾಯಕ, ದೊಡ್ಡ ಟೋಪಿ, ಉದ್ದ ಕೋಟು. ಆಡುವುದಕ್ಕೆ ಅವರಿಗೆ ಕೊಟ್ಟಿದ್ದೇ ಕಮ್ಮಿ. ಸುಮ್ನೆ ನಿಂತಿದ್ದಾರೆ, ಚೆನ್ನಾಗಿಯೇ ನಿಂತಿದ್ದಾರೆ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಫ್ರಾಂಕೆನ್‌ಸ್ಟೈನ್‌ನ ಪ್ರಾಣಿಯ ಪಾತ್ರ ಮಾಡಿದ ಶೂಲರ್ ಹೆನ್ಸ್ಲಿ ಬಗ್ಗೆ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. 1998ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನ ‘ಓಕ್ಲಹೋಮ’ ಸಂಗೀತ ನಾಟಕದಲ್ಲಿ ಜಾಕ್‌ಮನ್ ನಾಯಕರಾಗಿದ್ದಾಗ ಎದುರಿಗಿದ್ದ ದುಷ್ಟ ಇವರೇ. ಈ ಚಿತ್ರದಲ್ಲಿ ಅವರ ಮುಖವೆಲ್ಲ ಮೇಕಪ್, ತಲೆಯಲ್ಲಿ ಗಾಜಿನೊಳಗೆ ಮಿನುಗುವ ಮಿದುಳು. ಉಳಿದಿದ್ದು ಕಣ್ಣು ಮತ್ತು ದನಿ. ತನ್ನನ್ನು ಹುಟ್ಟಿಸಿದವನ ಹೆಣ ಎತ್ತಿಕೊಂಡು ಗಾಳಿಗಿರಣಿಯೊಳಗೆ ಓಡುತ್ತಾನಲ್ಲ, ಆಗ ಆ ಹೆಣವನ್ನು ಹಿಡಿದುಕೊಂಡಿರುವ ರೀತಿ ನೋಡಿ. 1931ರ ಬೋರಿಸ್ ಕಾರ್ಲಾಫ್ ಅವರ ಪ್ರಾಣಿಗೆ ಮಾತೇ ಇರಲಿಲ್ಲ. ಹೆನ್ಸ್ಲಿಯ ಪ್ರಾಣಿ ಮಾತಾಡುತ್ತದೆ, ಬದುಕಬೇಕು ಅನ್ನುತ್ತದೆ. ಮೇರಿ ಶೆಲ್ಲಿ 1818ರ ಕಾದಂಬರಿಯಲ್ಲಿ ಬರೆದದ್ದೂ ಮಾತು ಬಲ್ಲ ಪ್ರಾಣಿಯನ್ನೇ. ಇಡೀ ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟವಾದ ನಟನೆ ಇದು.

ಆ ರಾಕ್ಷಸ ದನಿ ಬರಿಸುವುದು ಹೇಗೆ? ಎರಡು ದಿನದ ಶಿಬಿರವೊಂದರಲ್ಲಿ ಕತ್ತಲೆ ಕೋಣೆಯಲ್ಲಿ ಕೂರಿಸಿ ಗರ್ಜಿಸುವುದು ಕಲಿಸುತ್ತಾರಂತೆ.

ಫೀಸು ಕಟ್ಟಿದ್ದರೆ ವಾಪಸ್ ಕೇಳಿ. ಕತ್ತಲೆಯಲ್ಲಿ ಕೂತವನಿಗೆ ನಿದ್ದೆ ಬರುತ್ತದೆ, ರಾಕ್ಷಸತನ ಬರುವುದಿಲ್ಲ. ಇಂಥದ್ದೇ ಶಿಬಿರದಿಂದ ಬಂದ ಹುಡುಗನೊಬ್ಬನಿಗೆ ಮೂರು ವಾರ ದನಿಯೇ ಏಳಲಿಲ್ಲ. ನಾನೇ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಂದಿನಿಂದ ಮೊದಲ ವರ್ಷದವರಿಗೆ ಗರ್ಜನೆ ಹೇಳಿಕೊಡುವುದನ್ನೇ ಬಿಟ್ಟಿದ್ದೇನೆ. ಗಂಟಲು ಉರಿದರೆ ತಕ್ಷಣ ನಿಲ್ಲಿಸಿ, ಅಷ್ಟೇ.

ತೋಳ ಆಗುವ ವೆಲ್ಕನ್, ಅನ್ನಾಳ ಸೋದರ, ನಿಜವಾಗಿಯೂ ಹಾಗೆ ನೆಗೆಯುತ್ತಾರಾ?

ತೋಳ ಕಂಪ್ಯೂಟರಿನದು. ಮನುಷ್ಯ ವಿಲ್ ಕೆಂಪ್, ಮೂಲತಃ ಬ್ಯಾಲೆ ಕಲಾವಿದ, ಮೈ ಬಳುಕಿಸುವುದು ಅವರಿಗೆ ಗೊತ್ತು.

ಅನ್ನಾ ಆದ ಕೇಟ್ ಬೆಕಿನ್‌ಸೇಲ್ ಅವರ ಇಂಗ್ಲಿಷ್ ಯಾಕೆ ಹಾಗಿದೆ?

ಇಂಗ್ಲೆಂಡಿನವರು ರೊಮೇನಿಯಾ ಕಡೆಯ ಟ್ರಾನ್ಸಿಲ್ವೇನಿಯಾದವಳಾದರೆ ಹಾಗೇ. ಕತ್ತಿ ಹಿಡಿದಾಗ ಚೆನ್ನಾಗಿದ್ದಾರೆ.

ವ್ಯಾನ್ ಹೆಲ್ಸಿಂಗ್ ಇತಿಹಾಸದಲ್ಲಿ ಇದ್ದ ವ್ಯಕ್ತಿಯೇ?

ಇಲ್ಲ. ಬ್ರಾಮ್ ಸ್ಟೋಕರ್ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಸೃಷ್ಟಿಸಿದ ಮುದಿ ಡಚ್ ಪ್ರೊಫೆಸರ್. ಹೆಸರು ಅಬ್ರಹಾಂ. ಗೇಬ್ರಿಯಲ್ ಅಂತ ಮಾಡಿದ್ದು ಈ ಚಿತ್ರ.

ಹಳೆಯ ಡ್ರಾಕುಲಾನ ಕೋರೆಹಲ್ಲೇ ಚೆನ್ನಾಗಿತ್ತು ಅಲ್ವಾ?

1931ರ ಚಿತ್ರದಲ್ಲಿ ಲುಗೋಸಿಗೆ ಕೋರೆಹಲ್ಲೇ ಇಲ್ಲ. ಮೊದಲು ನೋಡಿ, ಆಮೇಲೆ ಹೊಗಳಿ.

ಕಾಲೇಜ್ ಡೇಗೆ ಡ್ರಾಕುಲಾ ಆಗುತ್ತಿದ್ದೇನೆ. ಆನ್‌ಲೈನಿನಲ್ಲಿ ಸಿಗುವ ಕೆಂಪು ಲೆನ್ಸ್ ಹಾಕಬಹುದಾ? ಹಲ್ಲು ಫೆವಿಕ್ವಿಕ್‌ನಲ್ಲಿ ಅಂಟಿಸಿದರೆ ನಡೆಯುತ್ತಾ?

ಲೆನ್ಸ್‌ಗೆ ಮೊದಲು ಕಣ್ಣಿನ ಡಾಕ್ಟರನ್ನು ಕೇಳಿ. ಗೆಳೆಯನ ಲೆನ್ಸ್ ಅಂತೂ ಮುಟ್ಟಲೇಬೇಡಿ. ಫೆವಿಕ್ವಿಕ್ ಪ್ರಶ್ನೆ ತಮಾಷೆಗೆ ಕೇಳಿದ್ದು ಅಂದುಕೊಂಡಿದ್ದೇನೆ.